ಐದನೇ ಮೆಟ್ಟಿಲಿನ ಕಪ್

ಐರ್ಲೆಂಡಿನ ಹರ್ಲಿಂಗ್ ಆಟದಲ್ಲಿ ಅಖಿಲ ಐರ್ಲೆಂಡ್ ಪ್ರಶಸ್ತಿಗಾಗಿ ಸೆಣಸುವ ಬಲಿಷ್ಠ ತಂಡಗಳ ಕೆಳಗೆ ಇನ್ನೂ ನಾಲ್ಕು ಶ್ರೇಣಿಗಳಿದ್ದು, ಅವುಗಳಲ್ಲಿ ಕಟ್ಟಕಡೆಯದಾದ ಲೋರಿ ಮಾಹರ್ ಕಪ್ ಪಂದ್ಯಾವಳಿಯು ಆಟ ಇನ್ನೂ ಬೇರುಬಿಡಬೇಕಾಗಿರುವ ಕೌಂಟಿಗಳಿಗೆಂದೇ 2009ರಲ್ಲಿ ಆರಂಭವಾಯಿತು. ಕೌಂಟಿಯು ಜನರ ಅಭಿಮಾನದ ದೃಷ್ಟಿಯಿಂದ ಕರ್ನಾಟಕದ ಜಿಲ್ಲೆಗೂ ವಿಸ್ತೀರ್ಣದ ದೃಷ್ಟಿಯಿಂದ ಎಷ್ಟೋ ಸಲ ತಾಲ್ಲೂಕಿಗೂ ಹತ್ತಿರವಾದ ಘಟಕವಾಗಿದ್ದು, ಇಡೀ ದ್ವೀಪದಲ್ಲಿ ಅಂಥ 32 ಕೌಂಟಿಗಳಿವೆ. ಅವುಗಳಲ್ಲಿ ಅತಿ ಕಡಿಮೆ ಜನರಿರುವ ಲೀಟ್ರಿಮ್‌ನ ಜನಸಂಖ್ಯೆ 2022ರ ಗಣತಿಯಂತೆ ಸುಮಾರು 35,000, ಅಂದರೆ ರಾಯಚೂರು ಜಿಲ್ಲೆಯ ಮಾನ್ವಿ ಪಟ್ಟಣವೊಂದರ ಜನಸಂಖ್ಯೆಗಿಂತಲೂ ಕಡಿಮೆ. ಕೌಂಟಿ ತಂಡದ ಆಟಗಾರರಿಗೆ ಸಂಬಳವಿಲ್ಲ. ಅವರನ್ನು ಹರಾಜಿನಲ್ಲಿ ಕೊಳ್ಳುವ ಪದ್ಧತಿಯೂ ಇಲ್ಲ. ಶಿಕ್ಷಕರು, ರೈತರು, ವಿದ್ಯಾರ್ಥಿಗಳು ತಮ್ಮ ಊರಿನ ಕ್ಲಬ್ಬಿನಿಂದ ಆಯ್ಕೆಯಾಗಿ ತಮ್ಮ ಕೌಂಟಿಯ ಪರವಾಗಿ ಕಣಕ್ಕಿಳಿಯುತ್ತಾರೆ.

ಹರ್ಲಿಂಗ್ ಕೋಲು ಮತ್ತು ಚೆಂಡಿನ ಆಟವಾದರೂ ಹಾಕಿಯಂತೆ ಅದರ ಚೆಂಡು ನೆಲಕ್ಕೆ ಅಂಟಿಕೊಂಡಿರುವುದಿಲ್ಲ. ತುದಿಯಲ್ಲಿ ಮರದ ಸಟ್ಟುಗದಂತೆ ಅಗಲವಾಗಿರುವ ಹರ್ಲಿ ಎಂಬ ಕೋಲಿನಿಂದ, ಬೆಂಡಿನ ತಿರುಳಿಗೆ ತೊಗಲು ಹೊಲಿದು ಮಾಡಿದ ಸ್ಲಿಟರ್ ಎಂಬ ಚಿಕ್ಕ ಚೆಂಡನ್ನು ಗಾಳಿಯಲ್ಲಿಯೇ ಹೊಡೆಯಬಹುದು, ಕೈಯಲ್ಲಿ ಹಿಡಿಯಬಹುದು, ನಾಲ್ಕು ಹೆಜ್ಜೆ ಮೀರದಂತೆ ಹಿಡಿದು ಓಡಬಹುದು, ಅನಂತರ ಕೋಲಿನ ತುದಿಯ ಮೇಲೆ ನಿಲ್ಲಿಸಿಕೊಂಡು ಎಷ್ಟು ದೂರ ಬೇಕಾದರೂ ಸಾಗಬಹುದು. 130ರಿಂದ 145 ಮೀಟರ್ ಉದ್ದದ ಅಂಕಣದಲ್ಲಿ ಒಂದೊಂದು ತಂಡದ 15 ಜನ ಆಡುತ್ತಾರೆ. ಗೋಲುಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿನಿಂದ ಚೆಂಡು ಹೋದರೆ ಒಂದು ಪಾಯಿಂಟ್, ಅದರ ಕೆಳಗಿನ ಬಲೆಗೆ ಬಿದ್ದರೆ ಮೂರು ಪಾಯಿಂಟ್‌ಗೆ ಸಮನಾದ ಗೋಲು. ಆದ್ದರಿಂದ ಅಂಕಗಳನ್ನು 2-18 ಎಂಬ ರೀತಿಯಲ್ಲಿ ಗೋಲುಗಳನ್ನು ಮೊದಲು, ಪಾಯಿಂಟ್‌ಗಳನ್ನು ಆಮೇಲೆ ಬರೆಯುತ್ತಾರೆ, ಒಟ್ಟು ಎಷ್ಟೆಂಬುದನ್ನು ನೋಡುಗನೇ ಕೂಡಿಕೊಳ್ಳಬೇಕು. ಹರ್ಲಿಯನ್ನು ಆಶ್ ಮರದ ಬುಡದಿಂದ, ಕಾಂಡವು ಬೇರಾಗಿ ಬಾಗುವ ಜಾಗದ ತುಂಡಿನಿಂದ ಕೆತ್ತುತ್ತಾರೆ. ಮರದ ಎಳೆಗಳು ಅಲ್ಲಿ ಸಹಜವಾಗಿ ಬಾಗಿರುವುದರಿಂದ ಕೋಲಿನ ತಿರುವು ಸುಲಭವಾಗಿ ಸೀಳುವುದಿಲ್ಲ. ಆಶ್ ಮರಗಳನ್ನು ಒಣಗಿಸುವ ಶಿಲೀಂಧ್ರ ರೋಗ 2012ರಲ್ಲಿ ಐರ್ಲೆಂಡಿನಲ್ಲಿ ಕಾಣಿಸಿಕೊಂಡ ಮೇಲೆ ಬಿದಿರಿನ ಮತ್ತು ಕೃತಕ ವಸ್ತುಗಳ ಹರ್ಲಿಗಳೂ ಬಳಕೆಗೆ ಬಂದಿವೆ.

ಈ ಆಟದ ಆಡಳಿತ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಎಂಬ ಸಂಸ್ಥೆಯ ಕೈಯಲ್ಲಿದೆ. ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ದೇಶೀಯ ಆಟಗಳು ಮರೆಯಾಗುತ್ತಿದ್ದುದನ್ನು ಕಂಡು ಮೈಕೆಲ್ ಕ್ಯೂಸಕ್ ಮತ್ತು ಸಂಗಡಿಗರು 1884ರ ನವೆಂಬರ್ 1ರಂದು ಥರ್ಲ್ಸ್ ಪಟ್ಟಣದ ಹೋಟೆಲೊಂದರಲ್ಲಿ ಸಭೆ ಸೇರಿ ಸ್ಥಾಪಿಸಿದ ಸಂಸ್ಥೆ ಇದು. ಮೊದಲ ಅಖಿಲ ಐರ್ಲೆಂಡ್ ಚಾಂಪಿಯನ್‌ಷಿಪ್ 1887ರದು, ಅದರ ಫೈನಲ್ ಮಾತ್ರ ನಡೆದದ್ದು 1888ರ ಏಪ್ರಿಲ್‌ನಲ್ಲಿ. ಅಂದಿನಿಂದ 2025ರವರೆಗಿನ ಲೆಕ್ಕ ತೆಗೆದರೆ ಕಿಲ್ಕೆನಿ 36, ಕಾರ್ಕ್ 30, ಟಿಪರೇರಿ 29 ಪ್ರಶಸ್ತಿಗಳನ್ನು ಗೆದ್ದಿದ್ದು, ಒಟ್ಟು ಪ್ರಶಸ್ತಿಗಳಲ್ಲಿ ಮೂರನೇ ಎರಡರಷ್ಟು ಈ ಮೂರೇ ಕೌಂಟಿಗಳಿಗೆ ಸಂದಿವೆ. ದಕ್ಷಿಣದ ಹುಲುಸಾದ ಬಯಲಿನಲ್ಲಿ ಹರ್ಲಿಂಗ್ ಮನೆಮನೆಯ ಆಟವಾದರೆ, ಉತ್ತರ ಮತ್ತು ಪಶ್ಚಿಮದ ಬಹುಪಾಲು ಕೌಂಟಿಗಳಲ್ಲಿ ಇದೇ ಸಂಸ್ಥೆಯ ಇನ್ನೊಂದು ಆಟವಾದ ಗೇಲಿಕ್ ಫುಟ್‌ಬಾಲ್‌ನದೇ ದರ್ಬಾರು.

ಇಂಥ ಏರುಪೇರಿನಲ್ಲಿ ಎಲ್ಲರನ್ನೂ ಒಂದೇ ಕಣದಲ್ಲಿ ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ 1954ರ ಸೆಮಿಫೈನಲ್ ಸಾಕ್ಷಿಯಾಗಿದ್ದು, ಅಂದು ಆಂಟ್ರಿಮ್ ವಿರುದ್ಧ ವೆಕ್ಸ್‌ಫರ್ಡ್‌ನ ನಿಕಿ ರಾಕರ್ಡ್ ಒಬ್ಬರೇ 7 ಗೋಲು, 7 ಪಾಯಿಂಟ್, ಅಂದರೆ 28 ಅಂಕ ಗಳಿಸಿದರು. ಆ ಅಂಕಪಟ್ಟಿ ರಾಕರ್ಡ್ ಅವರ ಪ್ರತಿಭೆಯ ದಾಖಲೆಯೆಂಬುದು ನಿಜ, ಎದುರಾಳಿ ತಂಡ ಅಂದು ಏನನ್ನಾದರೂ ಕಲಿತಿತೇ ಎಂಬುದು ಅನುಮಾನ. ಐವತ್ತು ವರ್ಷಗಳ ಬಳಿಕ ದುರ್ಬಲ ತಂಡಗಳಿಗಾಗಿ ರೂಪಿಸಿದ ಕಪ್ಪೊಂದಕ್ಕೆ ಅವರದೇ ಹೆಸರಿಟ್ಟದ್ದರಲ್ಲಿ ಯಾರೂ ಉದ್ದೇಶಿಸಿರದ ಒಂದು ವ್ಯಂಗ್ಯವಿದೆ.

ಎರಡನೇ ದರ್ಜೆಯ ‘ಬಿ’ ಚಾಂಪಿಯನ್‌ಷಿಪ್ 1974ರಿಂದಲೇ ಇತ್ತಾದರೂ ಅದಕ್ಕೆ ಹೆಸರೂ ಇರಲಿಲ್ಲ, ಗೌರವವೂ ಅಷ್ಟಕ್ಕಷ್ಟೆ. 2005ರಲ್ಲಿ ಸಂಸ್ಥೆಯು ಇಡೀ ವ್ಯವಸ್ಥೆಯನ್ನು ಬದಲಿಸಿ, ಲಿಯಾಮ್ ಮೆಕಾರ್ಥಿ ಕಪ್ಪಿಗೆ ಆಡುವ ಮೇಲಿನ ತಂಡಗಳ ಕೆಳಗೆ ಕ್ರಿಸ್ಟಿ ರಿಂಗ್ ಕಪ್, ಅದರ ಕೆಳಗೆ ನಿಕಿ ರಾಕರ್ಡ್ ಕಪ್ ಎಂಬ ಎರಡು ಹಂತಗಳನ್ನು ತಂದಿತು; 2009ರಲ್ಲಿ ಲೋರಿ ಮಾಹರ್ ಕಪ್ ಎಲ್ಲಕ್ಕಿಂತ ಕೆಳಗೆ ಸೇರಿತು, 2018ರಲ್ಲಿ ಜೋ ಮೆಕ್‌ಡೊನಾ ಕಪ್ ಮೇಲಿನಿಂದ ಎರಡನೆಯದಾಗಿ ನಡುವೆ ಬಂದು ಒಟ್ಟು ಐದು ಮೆಟ್ಟಿಲುಗಳಾದವು. ಹೆಸರುಗಳ ಆಯ್ಕೆಯಲ್ಲಿ ಜಾಣತನವಿದೆ. ಕಾರ್ಕ್‌ನ ಕ್ರಿಸ್ಟಿ ರಿಂಗ್ ಎಂಟು ಅಖಿಲ ಐರ್ಲೆಂಡ್ ಪದಕಗಳ ಒಡೆಯ, ಗಾಲ್ವೇಯ ಜೋ ಮೆಕ್‌ಡೊನಾ 1980ರ ವಿಜೇತ ತಂಡದಲ್ಲಿದ್ದು ಮುಂದೆ ಸಂಸ್ಥೆಯ ಅಧ್ಯಕ್ಷರೂ ಆದವರು. ಕಿಲ್ಕೆನಿಯ ಲೋರಿ ಮಾಹರ್ 1932, 1933, 1935ರಲ್ಲಿ ಪ್ರಶಸ್ತಿ ಗೆದ್ದವರು. ಆದರೂ ಜನ ಅವರನ್ನು ನೆನೆಯುವುದು ಸೋತ 1931ರ ಫೈನಲ್‌ಗಾಗಿ. ಕಾರ್ಕ್ ವಿರುದ್ಧದ ಆ ಫೈನಲ್ ಎರಡು ಸಲ ಸಮವಾಗಿ ಮೂರನೇ ಪಂದ್ಯಕ್ಕೆ ಹೋದಾಗ ಮಾಹರ್ ಪಕ್ಕೆಲುಬು ಮುರಿದುಕೊಂಡು ಆಡಲಾಗದೆ ಹೊರಗುಳಿಯಬೇಕಾಯಿತು. ‘ಬಿ’ ಎಂಬ ಅಕ್ಷರಕ್ಕಾಗಿ ಆಡುವುದಕ್ಕೂ ಇಂಥವರ ಹೆಸರಿನ ಕಪ್ಪಿಗಾಗಿ ಆಡುವುದಕ್ಕೂ ವ್ಯತ್ಯಾಸವಿದೆ.

ಶ್ರೇಣಿ ಹಂಚುವ ಈ ಕ್ರಮ ರಾಯಚೂರು ಭಾಗದ ಓದುಗರಿಗೆ ಬೇರೊಂದು ಸಂದರ್ಭದಲ್ಲಿ ಚಿರಪರಿಚಿತವಾದದ್ದು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದ, 40ನ್ನು ಅತಿ ಹಿಂದುಳಿದ, 35ನ್ನು ಹಿಂದುಳಿದ ತಾಲ್ಲೂಕುಗಳೆಂದು ವಿಂಗಡಿಸಿತು. ದೇವದುರ್ಗ, ಮಾನ್ವಿ ಎರಡೂ ಅತ್ಯಂತ ಹಿಂದುಳಿದವುಗಳ ಸಾಲಿನಲ್ಲಿದ್ದವು. ಅನಂತರ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371(ಜೆ) ವಿಧಿ ಬಂದು, ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಈ ಭಾಗದವರಿಗೆ ಪ್ರತ್ಯೇಕ ಪಾಲು ದೊರೆಯಿತು. ರಾಯಚೂರು ಬಳಿಯ ಕಲ್ಮಲದ ಹುಡುಗನನ್ನು ಬೆಂಗಳೂರಿನ ಹುಡುಗನ ಜೊತೆ ಒಂದೇ ಗೆರೆಯ ಮೇಲೆ ನಿಲ್ಲಿಸಿ ಓಡಿಸುವುದೇ ಸಮಾನತೆಯೇ ಎಂಬ ಆ ಚರ್ಚೆಯ ಪ್ರಶ್ನೆಯೇ ಹರ್ಲಿಂಗ್‌ನ ಆಡಳಿತಗಾರರ ಮುಂದೆಯೂ ಇತ್ತು. ಕೆಳಗಿನ ಶ್ರೇಣಿಗೆ ಸೇರಿಸುವುದು ಅವಮಾನವೋ ಅವಕಾಶವೋ ಎಂಬುದು ಹಣೆಪಟ್ಟಿಯಿಂದ ತೀರ್ಮಾನವಾಗುವುದಿಲ್ಲ. ಅಲ್ಲಿಂದ ಮೇಲಕ್ಕೆ ಹೋಗುವ ಬಾಗಿಲು ನಿಜವಾಗಿಯೂ ತೆರೆದಿದೆಯೇ ಎಂಬುದರಿಂದ ತೀರ್ಮಾನವಾಗುತ್ತದೆ.

ಹರ್ಲಿಂಗ್‌ನಲ್ಲಿ ಆ ಬಾಗಿಲು ತಕ್ಕಮಟ್ಟಿಗೆ ತೆರೆದೇ ಇದೆ. ಕಪ್ ಗೆದ್ದ ತಂಡ ಮುಂದಿನ ವರ್ಷ ಒಂದು ಮೆಟ್ಟಿಲು ಮೇಲೇರಿದರೆ, ಮೇಲಿನ ಶ್ರೇಣಿಯಲ್ಲಿ ಕೊನೆಯದಾದ ತಂಡ ಕೆಳಗಿಳಿಯಬೇಕು. 2018ರಲ್ಲಿ ಮೆಕ್‌ಡೊನಾ ಕಪ್ ಆರಂಭವಾದಾಗ ಅದರ ಫೈನಲ್ ತಲುಪಿದ ಎರಡೂ ತಂಡಗಳಿಗೆ ಅದೇ ವರ್ಷದ ಪ್ರಧಾನ ಚಾಂಪಿಯನ್‌ಷಿಪ್‌ನ ಪೂರ್ವ ಕ್ವಾರ್ಟರ್‌ಫೈನಲ್‌ನಲ್ಲಿ ಆಡುವ ಹಕ್ಕನ್ನೂ ಕೊಡಲಾಯಿತು. ಮರುವರ್ಷವೇ ಅದರ ಫಲ ಕಂಡಿತು: ಲೀಶ್ ತಂಡ ಮೆಕ್‌ಡೊನಾ ಕಪ್ ಗೆದ್ದ ಒಂದು ವಾರಕ್ಕೆ, 2019ರ ಜುಲೈ 7ರಂದು, ಮೇಲಿನ ಶ್ರೇಣಿಯ ಡಬ್ಲಿನ್ ತಂಡವನ್ನು ತನ್ನ ತವರಿನ ಅಂಕಣದಲ್ಲಿ 1-22, 0-23 ಅಂಕಗಳಿಂದ, ಅಂದರೆ ಎರಡೇ ಪಾಯಿಂಟ್‌ಗಳ ಅಂತರದಲ್ಲಿ ಸೋಲಿಸಿತು. ಇಳಿಜಾರಿನ ಕತೆ ಆಫಲಿಯದು. 1981, 1985, 1994, 1998ರಲ್ಲಿ ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದಿದ್ದ ಆ ಕೌಂಟಿ 2018 ಮತ್ತು 2019ರಲ್ಲಿ ಸತತ ಎರಡು ಮೆಟ್ಟಿಲು ಜಾರಿ ಕ್ರಿಸ್ಟಿ ರಿಂಗ್ ಕಪ್ಪಿಗೆ ಬಂದು ಬಿದ್ದಿತು. ಹಳೆಯ ಹೆಸರಿಗೆ ಯಾರೂ ವಿನಾಯಿತಿ ಕೊಡಲಿಲ್ಲ. ಅದು 2021ರಲ್ಲಿ ಕ್ರಿಸ್ಟಿ ರಿಂಗ್ ಕಪ್ಪನ್ನೂ 2024ರಲ್ಲಿ ಮೆಕ್‌ಡೊನಾ ಕಪ್ಪನ್ನೂ ಗೆದ್ದು ಮೇಲೆದ್ದಿತು. ಬಾಗಿಲು ಎಲ್ಲರಿಗೂ ಒಂದೇ ಅಗಲವಾಗಿಲ್ಲ ಎಂಬುದನ್ನೂ ಹೇಳಬೇಕು. ಫುಟ್‌ಬಾಲ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಶಸ್ತಿ ಗೆದ್ದಿರುವ, ಹರ್ಲಿಂಗ್‌ನಲ್ಲಿ 1891ರ ಒಂದೇ ಪ್ರಶಸ್ತಿಯನ್ನು ಹಿಡಿದುಕೊಂಡಿರುವ ಕೆರಿ ಕೌಂಟಿಯು ಭೌಗೋಳಿಕವಾಗಿ ಬಲಾಢ್ಯರೇ ತುಂಬಿದ ಮನ್‌ಸ್ಟರ್ ಪ್ರಾಂತಕ್ಕೆ ಸೇರಿದ್ದರಿಂದ, ಮೆಕ್‌ಡೊನಾ ಕಪ್ ಗೆದ್ದರೂ ಆ ಪ್ರಾಂತದ ಕೊನೆಯ ತಂಡವನ್ನು ಮತ್ತೊಂದು ಪಂದ್ಯದಲ್ಲಿ ಮಣಿಸಬೇಕೆಂಬ ಷರತ್ತು ಅದಕ್ಕೆ ಮಾತ್ರ ಇತ್ತು. 2020, 2021, 2022ರ ಮೂರೂ ಫೈನಲ್‌ಗಳಲ್ಲಿ ಸೋತದ್ದರಿಂದ ಆ ಷರತ್ತಿನ ಪರೀಕ್ಷೆಯೇ ಬರಲಿಲ್ಲ.

ಭಾರತದಲ್ಲಿ ಇದಕ್ಕೆ ಸಮೀಪದ ಉದಾಹರಣೆ ರಣಜಿ ಟ್ರೋಫಿಯ ಪ್ಲೇಟ್ ವಿಭಾಗ. 2002-03ರಲ್ಲಿ ತಂಡಗಳನ್ನು ಎಲೀಟ್, ಪ್ಲೇಟ್ ಎಂದು ವಿಂಗಡಿಸಿದ ಮೇಲೆ, ಪ್ಲೇಟ್‌ನಲ್ಲಿ ಆಡುತ್ತಿದ್ದ ರಾಜಸ್ಥಾನ 2010-11ರಲ್ಲಿ ನೇರವಾಗಿ ರಣಜಿ ಟ್ರೋಫಿಯನ್ನೇ ಗೆದ್ದಿತು. ಪ್ಲೇಟ್‌ನಲ್ಲಿ ವರ್ಷಗಟ್ಟಲೆ ಆಡಿದ್ದ ವಿದರ್ಭ 2017-18ರ ಸೆಮಿಫೈನಲ್‌ನಲ್ಲಿ ಕರ್ನಾಟಕವನ್ನು ಕೇವಲ 5 ರನ್‌ಗಳಿಂದ ಸೋಲಿಸಿ ಪ್ರಶಸ್ತಿಗೆ ಹೋದದ್ದನ್ನು ಕನ್ನಡದ ಕ್ರಿಕೆಟ್ ಪ್ರಿಯರು ಸುಲಭಕ್ಕೆ ಮರೆಯಲಾರರು. ಕ್ರಿಕೆಟ್‌ನಲ್ಲಿ ಆಟಗಾರ ತಂಡ ಬದಲಿಸಿಯೂ ಮೇಲೇರಬಹುದು. ರಾಯಚೂರಿನಲ್ಲಿ ಹುಟ್ಟಿದ ಯರೇಗೌಡ ರೈಲ್ವೇಸ್ ಪರವಾಗಿ ಆಡಿ 2001-02 ಮತ್ತು 2004-05ರಲ್ಲಿ ರಣಜಿ ಗೆದ್ದ ತಂಡಗಳಲ್ಲಿದ್ದರು. ಹರ್ಲಿಂಗ್‌ನಲ್ಲಿ ಹುಟ್ಟು ಮತ್ತು ವಾಸದ ಗಂಟು ಬಿಗಿಯಾದದ್ದು. ಲೀಟ್ರಿಮ್‌ನಲ್ಲಿ ಎಷ್ಟೇ ದೊಡ್ಡ ಪ್ರತಿಭೆ ಹುಟ್ಟಿದರೂ ಊರು ಬಿಡದ ಹೊರತು ಅವನು ಲೀಟ್ರಿಮ್‌ಗೇ ಆಡಬೇಕು, ಲೀಟ್ರಿಮ್ ಏರಿದರೆ ಮಾತ್ರ ಅವನೂ ಏರುತ್ತಾನೆ. ಆದ್ದರಿಂದ ಅಲ್ಲಿ ಕೆಳಶ್ರೇಣಿಯ ಕಪ್ಪಿಗಿರುವ ತೂಕ ಪ್ಲೇಟ್ ವಿಭಾಗಕ್ಕಿರುವುದಕ್ಕಿಂತ ಹೆಚ್ಚು.

ಊರು ಬಿಟ್ಟವರಿಗೂ ಈ ವ್ಯವಸ್ಥೆಯಲ್ಲಿ ಜಾಗವಿದೆ. ಕೆಲಸ ಅರಸಿ ಇಂಗ್ಲೆಂಡಿಗೆ ಹೋದ ಐರಿಷ್ ಜನ ಮತ್ತು ಅವರ ಮಕ್ಕಳು ಕಟ್ಟಿದ ಲಂಡನ್, ವಾರಿಕ್‌ಶೈರ್, ಲ್ಯಾಂಕಶೈರ್ ತಂಡಗಳು ಕೌಂಟಿಗಳ ಸಮಕ್ಕೆ ನಿಂತು ಆಡುತ್ತವೆ. 1901ರ ಅಖಿಲ ಐರ್ಲೆಂಡ್ ಪ್ರಶಸ್ತಿಯನ್ನು ಕಾರ್ಕ್‌ನಿಂದ ಕಸಿದುಕೊಂಡಿದ್ದ ಲಂಡನ್ ತಂಡವೇ 2005ರಲ್ಲಿ ಮೊದಲ ನಿಕಿ ರಾಕರ್ಡ್ ಕಪ್ಪನ್ನೂ ಗೆದ್ದಿತು. ವಾರಿಕ್‌ಶೈರ್ 2013, 2017ರಲ್ಲಿ ಮಾಹರ್ ಕಪ್ ಎತ್ತಿದರೆ, ಲ್ಯಾಂಕಶೈರ್ 2018, 2019, 2023ರಲ್ಲಿ ಮೂರು ಸಲ ಅದೇ ಕಪ್ಪಿನ ಫೈನಲ್ ಸೋತಿತು. 2019ರಲ್ಲಿ ಅದನ್ನು ಹೆಚ್ಚುವರಿ ಸಮಯದ ಬಳಿಕ ಮಣಿಸಿದ್ದು ಇದೇ ಪುಟ್ಟ ಲೀಟ್ರಿಮ್.

ಈ ಕಪ್ಪುಗಳ ಫೈನಲ್‌ಗಳನ್ನು ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ, ಅಂದರೆ 82,000ಕ್ಕೂ ಹೆಚ್ಚು ಜನ ಹಿಡಿಸುವ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಆಡಿಸುವ ರೂಢಿ ಬೆಳೆದಿರುವುದು ಇಡೀ ವ್ಯವಸ್ಥೆಯ ಅತ್ಯಂತ ಒಳ್ಳೆಯ ಅಂಶ. ಆಸನಗಳು ಬಹುಪಾಲು ಖಾಲಿಯಿರುತ್ತವೆ ಎಂಬ ಟೀಕೆ ಸುಳ್ಳಲ್ಲ, ಆದರೆ ರಿಂಗ್ ಆಡಿದ ಅಂಕಣದಲ್ಲಿ ತಾನೂ ಆಡಿದೆನೆಂಬ ಹೆಮ್ಮೆಗೆ ಪ್ರೇಕ್ಷಕರ ಲೆಕ್ಕ ಬೇಕಿಲ್ಲ. ದೊಡ್ಡ ಅಂಕಣದಲ್ಲಿಯೂ ಸಣ್ಣ ಕಪ್ಪಿಗೆ ಸಲ್ಲುವ ಗಮನ ಎಷ್ಟೆಂಬುದಕ್ಕೆ 2016ರ ಕ್ರಿಸ್ಟಿ ರಿಂಗ್ ಫೈನಲ್ ನಿದರ್ಶನ. ಅಂದು ಮೀಥ್ ತಂಡ ಆಂಟ್ರಿಮ್ ವಿರುದ್ಧ ಒಂದು ಪಾಯಿಂಟ್‌ನಿಂದ ಗೆದ್ದಿತೆಂದು ಘೋಷಣೆಯಾಗಿ, ನಾಯಕ ಕಪ್ಪನ್ನೂ ಎತ್ತಿದ ಮೇಲೆ, ಅಂಕ ಬರೆದುಕೊಳ್ಳುವಾಗ ಆಂಟ್ರಿಮ್‌ನ ಒಂದು ಪಾಯಿಂಟ್ ಬಿಟ್ಟುಹೋಗಿದೆ ಎಂಬುದು ಬೆಳಕಿಗೆ ಬಂತು. ಮೀಥ್‌ನ 2-18 ಮತ್ತು ಆಂಟ್ರಿಮ್‌ನ 1-21 ಇವುಗಳನ್ನು ಬೇರೆಬೇರೆಯಾಗಿ ಕೂಡಿದರೆ ತಲಾ 24; ಪಂದ್ಯ ಸಮವಾಗಿತ್ತು. ಮರುಪಂದ್ಯ ಆಡಿಸಿದಾಗ ಹೆಚ್ಚುವರಿ ಸಮಯದ ಕೊನೆಗೆ ಮೀಥ್ 4-21, ಆಂಟ್ರಿಮ್ 5-17 ಆಗಿ ಅದೇ ಒಂದು ಪಾಯಿಂಟ್‌ನಿಂದ ಮೀಥ್ ಗೆದ್ದಿತು. ಮೇಲಿನ ಶ್ರೇಣಿಯ ಫೈನಲ್‌ನಲ್ಲಿ ಇಂಥ ಎಡವಟ್ಟು ಕಪ್ ಎತ್ತುವವರೆಗೂ ಯಾರ ಕಣ್ಣಿಗೂ ಬೀಳದೆ ಉಳಿಯುತ್ತಿತ್ತೆಂದು ನಂಬುವುದು ಕಷ್ಟ.

ಈ ಮೆಟ್ಟಿಲುಗಳ ವಿಷಯದಲ್ಲಿ ಅತಿ ದೊಡ್ಡ ವಿವಾದ ಎದ್ದದ್ದು 2023ರಲ್ಲಿ. ಕ್ಲಬ್ಬುಗಳ ಸಂಖ್ಯೆ ಬೆರಳೆಣಿಕೆಯಷ್ಟಿರುವ ಕ್ಯಾವನ್, ಫರ್ಮಾನಾ, ಲೀಟ್ರಿಮ್, ಲಾಂಗ್‌ಫರ್ಡ್, ಲೌತ್ ಎಂಬ ಐದು ಕೌಂಟಿಗಳನ್ನು ರಾಷ್ಟ್ರೀಯ ಹರ್ಲಿಂಗ್ ಲೀಗ್‌ನಿಂದ ಹೊರಗಿಟ್ಟು, ಕೌಂಟಿ ತಂಡಕ್ಕೆ ಆಗುವ ವೆಚ್ಚವನ್ನು ಮಕ್ಕಳ ಮತ್ತು ಕ್ಲಬ್ಬುಗಳ ಮಟ್ಟದಲ್ಲಿ ಆಟ ಬೆಳೆಸಲು ತೊಡಗಿಸಬೇಕೆಂಬ ಪ್ರಸ್ತಾವ ಸಂಸ್ಥೆಯೊಳಗಿನಿಂದಲೇ ಬಂತು. ಆಡುವವರೇ ಇಲ್ಲದ ಕಡೆ ತಂಡ ಕಟ್ಟಿ ಏನು ಪ್ರಯೋಜನ ಎಂಬ ಅದರ ತರ್ಕವನ್ನು ತಳ್ಳಿಹಾಕುವಂತಿರಲಿಲ್ಲ. ಆದರೆ ಹಿರಿಯರ ತಂಡವೇ ಇಲ್ಲದ ಕೌಂಟಿಯಲ್ಲಿ ಹತ್ತು ವರ್ಷದ ಮಗು ಯಾವ ಅಂಗಿ ತೊಡುವ ಆಸೆಯಿಂದ ಕೋಲು ಹಿಡಿಯಬೇಕು ಎಂಬ ಆಟಗಾರರ ಪ್ರಶ್ನೆ ಅದಕ್ಕಿಂತ ತೂಕದ್ದಾಗಿತ್ತು. ಕೆಳಗಿನ ಮೆಟ್ಟಿಲಿನಲ್ಲಿ ನಿಲ್ಲುವುದಕ್ಕೆ ಒಪ್ಪಿದ್ದವರು ಏಣಿಯಿಂದಲೇ ಇಳಿಸುವುದಕ್ಕೆ ಒಪ್ಪಲಿಲ್ಲ. ವಿರೋಧ ಬಲವಾಗಿ ಪ್ರಸ್ತಾವ ಬಿದ್ದುಹೋಯಿತು. ಮರುವರ್ಷದ ಲೋರಿ ಮಾಹರ್ ಕಪ್ ಫೈನಲ್‌ಗೆ ಬಂದ ಎರಡು ತಂಡಗಳೂ ಆ ಐದರ ಪಟ್ಟಿಯಲ್ಲಿದ್ದಂಥವೇ: ಮೂರು ಸಲ ಕಪ್ ಗೆದ್ದಿದ್ದ ಫರ್ಮಾನಾವನ್ನು ಸೋಲಿಸಿ ಲಾಂಗ್‌ಫರ್ಡ್ ತನ್ನ ಮೂರನೇ ಕಪ್ ಪಡೆಯಿತು.