ಬೆಳಕನ್ನು ತಡೆಯುವ ಪರದೆ

ಎಲ್‌ಸಿಡಿ ಟ್ಯಾಬ್ಲೆಟ್ಟಿನ ಪರದೆಯ ಹಿಂದೆ ಬಿಳಿ ದೀಪ ಸದಾ ಉರಿಯುತ್ತಿರುತ್ತದೆ. ಆ ಬೆಳಕನ್ನು ಬೇಕಾದಲ್ಲಿ ತಡೆದು, ಬೇಕಾದಲ್ಲಿ ಬಿಟ್ಟು ಚಿತ್ರ ಮೂಡಿಸುತ್ತಾರೆ. ತಡೆಯುವ ಕೆಲಸ ದ್ರವಸ್ಫಟಿಕದ್ದು. ಅದು ನೀರಿನಂತೆ ಹರಿಯುತ್ತದೆ. ಆದರೂ ಅದರ ಕಡ್ಡಿಯಾಕಾರದ ಅಣುಗಳು ಹರಳಿನೊಳಗಿನಂತೆ ಒಂದೇ ದಿಕ್ಕಿಗೆ ಮುಖಮಾಡಿರುತ್ತವೆ. ಈ ವಿಚಿತ್ರ ಸ್ಥಿತಿಯನ್ನು 1888ರಲ್ಲಿ ಮೊದಲು ಗಮನಿಸಿದವರು ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಖ್ ರೈನಿಟ್ಸರ್.

ಎರಡು ಗಾಜುಗಳ ನಡುವೆ ಈ ದ್ರವ ತುಂಬುವ ಸಂದು ಕೆಲವೇ ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪದ ಹತ್ತನೇ ಒಂದು ಭಾಗಕ್ಕಿಂತಲೂ ಕಿರಿದು. ಅಷ್ಟು ಕಿರಿದಾದ ಜಾಗದಲ್ಲಿ ಅಣುಗಳನ್ನು ಸಾಲಾಗಿ ನಿಲ್ಲಿಸುವುದು ಹೇಗೆ? ಗಾಜಿನ ಒಳಮೈಗೆ ಪಾಲಿಇಮೈಡ್ ಎಂಬ ತೆಳುಲೇಪ ಕೊಟ್ಟು, ಮಖಮಲ್ಲಿನಂಥ ಬಟ್ಟೆ ಸುತ್ತಿದ ಉರುಳೆಯಿಂದ ಒಂದೇ ದಿಕ್ಕಿಗೆ ಉಜ್ಜುತ್ತಾರೆ. ಉಜ್ಜಿದ ದಿಕ್ಕನ್ನೇ ಅಣುಗಳು ಹಿಡಿಯುತ್ತವೆ! ಒಂದು ಗಾಜನ್ನು ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ಉಜ್ಜಿದರೆ ನಡುವಿನ ಅಣುಗಳು ಸುರುಳಿ ಮೆಟ್ಟಿಲಿನಂತೆ ತಿರುಗುತ್ತ ಬೆಳಕಿನ ಕಂಪನದ ದಿಕ್ಕನ್ನೂ ತಿರುಗಿಸುತ್ತವೆ. ಎರಡೂ ಹೊರಬದಿಗೆ ಒಂದಕ್ಕೊಂದು ಅಡ್ಡವಾಗಿ ಅಂಟಿಸಿದ ಧ್ರುವಕ ಹಾಳೆಗಳು ತಲಾ ಒಂದೇ ದಿಕ್ಕಿನ ಕಂಪನವನ್ನು ಮಾತ್ರ ಬಿಡುತ್ತವೆ; ಸುರುಳಿ ತಿರುಗಿಸಿದ ಬೆಳಕು ಎರಡನ್ನೂ ದಾಟುತ್ತದೆ. ವಿದ್ಯುತ್ ಹಾಯಿಸಿದಾಗ ಅಣುಗಳು ನೆಟ್ಟಗೆ ನಿಂತು ಸುರುಳಿ ಬಿಚ್ಚಿಕೊಳ್ಳುತ್ತದೆ, ಬೆಳಕು ಅಲ್ಲೇ ನಿಲ್ಲುತ್ತದೆ. ಇದು ಟಿಎನ್ ವಿಧಾನ.

ಇದರ ಕೊರತೆ, ಓರೆಯಿಂದ ನೋಡಿದರೆ ಬಣ್ಣ ಕೆಡುವುದು. ಇದನ್ನು ಸರಿಪಡಿಸುವಲ್ಲಿ ಬೆಂಗಳೂರಿನ ಪಾಲೂ ಇದೆ. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂದು ತೋರಿಸಿದರು. ಮುಂದೆ ಜಪಾನಿನಲ್ಲಿ ಅಂಥ ಅಣುಗಳ ತೆಳುಹಾಳೆಯನ್ನು ಟಿಎನ್ ಪರದೆಗೆ ಹೊದಿಸಿ ನೋಟದ ಕೋನವನ್ನು ಹಿಗ್ಗಿಸಿದರು.

ಐಪಿಎಸ್ ಪರದೆಯ ದಾರಿ ಬೇರೆ: ಅಲ್ಲಿ ಅಣುಗಳು ಎದ್ದು ನಿಲ್ಲದೆ ಗಾಜಿಗೆ ಸಮಾನಾಂತರವಾಗಿಯೇ ಹೊರಳುತ್ತವೆ. 2010ರ ಮೊದಲ ಐಪ್ಯಾಡ್ ಬಳಸಿದ್ದು ಇದನ್ನೇ. 1024×768 ಚುಕ್ಕಿಗಳು, ಪ್ರತಿಯೊಂದರಲ್ಲೂ ಕೆಂಪು, ಹಸಿರು, ನೀಲಿಯ ಮೂರು ಕಿಂಡಿ. ಒಟ್ಟು 23 ಲಕ್ಷಕ್ಕೂ ಹೆಚ್ಚು. ಒಂದೊಂದು ಕಿಂಡಿಗೂ ಅದರದೇ ಟ್ರಾನ್ಸಿಸ್ಟರ್.

ಇನ್ನೊಂದು ಬಗೆಯ ಪರದೆಯಾದ ಓಎಲ್‌ಇಡಿಯಲ್ಲಿ ಹಿಂದೀಪವೇ ಇಲ್ಲ. ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ಆರಿದರೆ ಅಪ್ಪಟ ಕಪ್ಪು. ರಾತ್ರಿ ಸಿನಿಮಾ ನೋಡುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಕದಲದ ಚಿತ್ರ ಬಹುಕಾಲ ನಿಂತರೆ ಅದರ ನೆರಳು ಅಚ್ಚಾಗಿ ಉಳಿಯಬಹುದು. ಪಾಠ, ಓದು, ಮಕ್ಕಳ ಬಳಕೆಗೆ ಒಳ್ಳೆಯ ಐಪಿಎಸ್ ಧಾರಾಳವಾಗಿ ಸಾಕು. ಡಬ್ಬಿಯ ಮೇಲೆ ಬರೀ ‘ಎಲ್‌ಸಿಡಿ’ ಎಂದಿದ್ದರೆ ಅಂಗಡಿಯಲ್ಲೇ ಮುಖದ ಚಿತ್ರವೊಂದನ್ನು ತೆರೆದು, ಮೇಲಿನಿಂದಲೂ ಕೆಳಗಿನಿಂದಲೂ ಓರೆಯಾಗಿ ನೋಡಿ. ಮೈಬಣ್ಣ ಬದಲಾದರೆ ಅದು ಬಹುಮಟ್ಟಿಗೆ ಟಿಎನ್.