ಕಣ್ಣಿನ ಬೇಲಿ ಮುರಿದಾಗ

ಎಲೆ-ಅಡಿಕೆ ಹಾಕುವವರ ಮನೆಯಲ್ಲಿ ಸುಣ್ಣಕ್ಕೊಂದು ಡಬ್ಬಿ ಇರುತ್ತಿದ್ದ ಕಾಲವಿತ್ತು. ಹಿತ್ತಾಳೆಯದೋ ಬೆಳ್ಳಿಯದೋ, ಬಿಗಿಯಾದ ಮುಚ್ಚಳವಿದ್ದ ಆ ಪುಟ್ಟ ಡಬ್ಬಿಯ ಜಾಗಕ್ಕೆ ಬೀಡಾ ಅಂಗಡಿಯ ಪ್ಲಾಸ್ಟಿಕ್ ಪೊಟ್ಟಣ ಬಂದು ಬಹಳ ದಿನಗಳಾದವು. ಅಜ್ಜಿಯ ಸಂಚಿಯಿಂದಲೋ ಅಪ್ಪನ ಜೇಬಿನಿಂದಲೋ ಅದು ಮಗುವಿನ ಕೈಗೆ ಸಿಗುತ್ತದೆ. ಮೆತ್ತಗಿರುವ ವಸ್ತು ಕೈಗೆ ಸಿಕ್ಕರೆ ಮಗು ಸುಮ್ಮನಿದ್ದೀತೇ? ಹಿಚುಕುತ್ತದೆ. ಪೊಟ್ಟಣ ಒಡೆದು ಸುಣ್ಣ ನೇರವಾಗಿ ಕಣ್ಣಿಗೆ ಚಿಮ್ಮುತ್ತದೆ. ನಮ್ಮ ದೇಶದ ನೇತ್ರತಜ್ಞರಿಗೆ ಈ ಕಥೆ ಎಷ್ಟು ಪರಿಚಿತವೆಂದರೆ, ವೈದ್ಯಕೀಯ ಪತ್ರಿಕೆಗಳಲ್ಲಿ ಇದಕ್ಕೆ ‘ಚೂನಾ ಪೊಟ್ಟಣದ ಗಾಯ’ ಎಂಬ ಹೆಸರೇ ಬಿದ್ದಿದೆ.

ಸುಣ್ಣವು ಅನೇಕ ಆಮ್ಲಗಳಿಗಿಂತಲೂ ಕೆಟ್ಟದ್ದು ಎಂದರೆ ಬಹಳ ಜನ ನಂಬುವುದಿಲ್ಲ. ಆಮ್ಲ ತಾಗಿದಾಗ ಮೇಲ್ಪದರದ ಪ್ರೋಟೀನು ಹೆಪ್ಪುಗಟ್ಟಿ, ಒಂದು ಮಟ್ಟಿಗೆ ಅದೇ ತಡೆಗೋಡೆಯಾಗುತ್ತದೆ. ಕ್ಷಾರದ ಗುಣ ಹಾಗಲ್ಲ. ಅದು ಜೀವಕೋಶಗಳ ಪೊರೆಯಲ್ಲಿರುವ ಕೊಬ್ಬನ್ನು ಸಾಬೂನಾಗಿಸುತ್ತಾ ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಸುಣ್ಣದ ಕಣಗಳು ರೆಪ್ಪೆಯ ಒಳಮಗ್ಗುಲಿಗೆ ಅಂಟಿ ಕುಳಿತರೆ ಸುಡುವ ಕೆಲಸ ಗಂಟೆಗಟ್ಟಲೆ ನಡೆಯುತ್ತದೆ. ಆಗ ಮಾಡಬೇಕಾದ್ದು ಕಣ್ಣನ್ನು ಬಿಡಿಸಿ ಹಿಡಿದು, ಕೈಗೆ ಸಿಕ್ಕ ಶುದ್ಧ ನೀರಿನಿಂದ ಅರ್ಧ ಗಂಟೆ ಬಿಡದೆ ತೊಳೆಯುವುದು. ಅನಂತರ ಆಸ್ಪತ್ರೆಗೆ ಓಡುವುದು. ಮೊದಲು ಓಡಿ ಆಮೇಲೆ ತೊಳೆಯುವುದಲ್ಲ. ಹರಳೆಣ್ಣೆ, ಎದೆಹಾಲು ಎಂದು ಹುಡುಕುತ್ತ ಕಳೆದ ಪ್ರತಿ ನಿಮಿಷವೂ ಸುಣ್ಣದ ಪಾಲಿಗೆ ಲಾಭ.

ಉರಿ ಇಳಿದು ಗಾಯ ಮಾಗಿತು ಎನ್ನುವಾಗ ಎರಡನೆಯ ಅನಾಹುತ ಶುರುವಾಗುತ್ತದೆ. ಅದನ್ನು ತಿಳಿಯಲು ಕನ್ನಡಿಯ ಮುಂದೆ ನಿಂತು ನಿಮ್ಮ ಕಣ್ಣನ್ನೇ ನೋಡಿಕೊಳ್ಳಿ. ಕಪ್ಪು ಭಾಗ ಮತ್ತು ಬಿಳಿ ಭಾಗ ಕೂಡುವಲ್ಲಿ ಒಂದೆರಡು ಮಿಲಿಮೀಟರ್ ಅಗಲದ ಮಬ್ಬು ಉಂಗುರವೊಂದಿದೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಅದಕ್ಕೂ ತುಸು ಕಂದು ಛಾಯೆ ಇರುತ್ತದೆ. ಅದರ ಹೆಸರು ಲಿಂಬಸ್. ಕಳೆದ ಶತಮಾನದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ನೇತ್ರತಜ್ಞ ಆಲ್ಫ್ರೆಡ್ ವೋಗ್ಟ್ ಈ ಉಂಗುರವನ್ನು ಹಿಗ್ಗಿಸಿ ನೋಡಿದಾಗ, ಒತ್ತೊತ್ತಾಗಿ ನೆಟ್ಟ ಗೂಟಗಳಂಥ ಗೆರೆಗಳು ಕಂಡವು. ಇಂದಿಗೂ ಅವುಗಳನ್ನು ‘ವೋಗ್ಟ್‌ನ ಗೂಟಬೇಲಿ’ ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಆತ ನೋಟಕ್ಕೆ ತಕ್ಕಂತೆ ಹೆಸರಿಟ್ಟದ್ದು ಅಷ್ಟೆ. ಅದು ನಿಜವಾಗಿಯೂ ಬೇಲಿಯೇ ಎಂಬುದು ಗೊತ್ತಾಗಲು ಇನ್ನೂ ಹಲವು ದಶಕಗಳು ಬೇಕಾದವು.

ಕಣ್ಣಿನ ಮುಂಭಾಗದ ಪಾರದರ್ಶಕ ಕಿಟಕಿಯಾದ ಕಾರ್ನಿಯಾ ಅರ್ಧ ಮಿಲಿಮೀಟರ್ ದಪ್ಪವಿದೆ. ಅದರಲ್ಲಿ ರಕ್ತನಾಳಗಳಿಲ್ಲ, ಇಲ್ಲದ್ದರಿಂದಲೇ ಅದು ತಿಳಿಯಾಗಿದೆ. ಅದರ ಮೇಲ್ಪದರ ಐದಾರು ಸಾಲು ಜೀವಕೋಶಗಳಷ್ಟು ಮಾತ್ರ. ರೆಪ್ಪೆ ಬಡಿದಂತೆಲ್ಲ ಸವೆಯುವ ಈ ಪದರ ವಾರ-ಹತ್ತು ದಿನಗಳಲ್ಲಿ ಹೊಸದಾಗುತ್ತಿರಬೇಕು. ಹೊಸ ಕೋಶಗಳು ಎಲ್ಲಿಂದ ಬರುತ್ತವೆ? ಕಾರ್ನಿಯಾದ ನಡುವಿನಿಂದಲ್ಲ, ಅಂಚಿನ ಆ ಉಂಗುರದಲ್ಲಿ ಕುಳಿತ ಆಕರಕೋಶಗಳಿಂದ, ಅಂದರೆ ಸ್ಟೆಮ್ ಸೆಲ್‌ಗಳಿಂದ ಎಂದು ನ್ಯೂಯಾರ್ಕ್ ವಿಶ್ವವಿದ್ಯಾಲಯದ ತುಂಗ್-ತಿಯೆನ್ ಸುನ್ ಮತ್ತು ಸಂಗಡಿಗರು 1986ರಲ್ಲಿ ವಾದಿಸಿದರು. ಉಂಗುರಕ್ಕೆ ಎರಡು ಕೆಲಸ: ಒಳಕ್ಕೆ ಹೊಸ ಕೋಶಗಳನ್ನು ಕಳುಹಿಸುವುದು, ಹೊರಗಿನ ಬಿಳಿಭಾಗದ ಕೋಶಗಳು ಒಳಕ್ಕೆ ಬಾರದಂತೆ ತಡೆಯುವುದು. ಸುಣ್ಣ ಈ ಬೇಲಿಯನ್ನು ಸುಟ್ಟರೆ, ಬದು ಒಡೆದ ಗದ್ದೆಗೆ ಕಳೆ ನುಗ್ಗಿದಂತೆ ಬಿಳಿಭಾಗದ ಪೊರೆ ರಕ್ತನಾಳಗಳ ಸಮೇತ ಕಾರ್ನಿಯಾದ ಮೇಲೆ ಹಬ್ಬುತ್ತದೆ. ಕಿಟಕಿಗೆ ಕೆಂಪು ಪರದೆ ಬೀಳುತ್ತದೆ.

ಹಾಗಾದರೆ ನೇತ್ರದಾನದಿಂದ ಬಂದ ಕಾರ್ನಿಯಾ ಹಾಕಬಹುದಲ್ಲ ಎಂದು ನೀವು ಕೇಳಬಹುದು. ಹಾಕುತ್ತಿದ್ದರು. ಕೆಲಕಾಲ ತಿಳಿಯಾಗಿಯೂ ಇರುತ್ತಿತ್ತು. ಆದರೆ ದಾನಿಯ ಕಾರ್ನಿಯಾದ ಮೇಲ್ಪದರ ಸವೆದಾಗ ತುಂಬಿಕೊಡಲು ಬೇಲಿಯಲ್ಲಿ ಕೋಶಗಳೇ ಇಲ್ಲ. ಕಳೆ ಮತ್ತೆ ಹಬ್ಬುತ್ತಿತ್ತು. ಗಾಜು ಬದಲಿಸಿದರಾಯಿತು ಎನ್ನುವ ರೋಗ ಇದಲ್ಲ. ಸರಿಯಾದ ಕೋಶವನ್ನು ಸರಿಯಾದ ಜಾಗದಲ್ಲಿ ಬೆಳೆಸುವ ವಿದ್ಯೆ ಬೇಕಿತ್ತು.

ಜೇಡರ ಬಲೆಯಿಂದ ರಬ್ಬರ್ ಸ್ಟಾಂಪಿಗೆ

ದೇಹದ ಹೊರಗೆ ಕೋಶಗಳನ್ನು ಸಾಕುವ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಪ್ರಮುಖರು. 1907ರಲ್ಲಿ ಅವರು ಕಪ್ಪೆಯ ಭ್ರೂಣದ ನರಕೋಶವನ್ನು ಒಂದು ಹನಿ ದ್ರವದಲ್ಲಿ ಬದುಕಿಸಿ, ಅದರಿಂದ ನರತಂತು ಚಾಚಿಕೊಳ್ಳುವುದನ್ನು ಕಣ್ಣಾರೆ ಕಂಡರು. ಕೆಲವು ವರ್ಷಗಳ ನಂತರ ಮತ್ತೊಂದು ಸೊಗಸಾದ ಪ್ರಯೋಗ ಮಾಡಿದರು. ಜೇಡರ ಬಲೆಯ ಎಳೆಗಳನ್ನು ಬಿಗಿದು ಅದರ ಮೇಲೆ ಭ್ರೂಣದ ಕೋಶಗಳನ್ನು ಬಿಟ್ಟರು. ಕೋಶಗಳು ಹಗ್ಗದ ಮೇಲೆ ನಡೆಯುವ ದೊಂಬರಂತೆ ಎಳೆಯ ಉದ್ದಕ್ಕೂ ಹರಿದವು, ಎಳೆಗೆ ತಕ್ಕಂತೆ ಮೈ ಚಾಚಿದವು. ಕೋಶಕ್ಕೆ ಅನ್ನ-ನೀರು ಸಾಲದು, ಕಾಲೂರಲು ನೆಲವೂ ಬೇಕು ಎಂಬ ಮಾತು ಅಲ್ಲಿಗೆ ಖಚಿತವಾಯಿತು.

ನೆಲದ ಮಹತ್ವ ಇನ್ನೂ ಆಳವಾಗಿದೆ ಎಂದು 1978ರಲ್ಲಿ ಬಾಸ್ಟನ್ನಿನ ಜೂಡಾ ಫೋಕ್‌ಮನ್ ಮತ್ತು ಆನ್ ಮೊಸ್ಕೋನಾ ತೋರಿಸಿದರು. ಮೆತು ಕಾಂಟ್ಯಾಕ್ಟ್ ಲೆನ್ಸ್‌ಗೆ ಬಳಸುವ ವಸ್ತುವನ್ನೇ ಪ್ಲಾಸ್ಟಿಕ್ ತಟ್ಟೆಗೆ ಸವರಿ, ಅದರ ಅಂಟುಗುಣವನ್ನು ಹಂತಹಂತವಾಗಿ ಕಡಿಮೆ ಮಾಡಿದರು. ಹಿಡಿತ ತಪ್ಪಿದಂತೆಲ್ಲ ಕೋಶ ಗುಂಡಗಾಯಿತು. ಗುಂಡಗಾದಂತೆಲ್ಲ ವೃದ್ಧಿ ನಿಂತಿತು. ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ಮತ್ತು ಡೊನಾಲ್ಡ್ ಇಂಗ್ಬರ್ ಅವರ ತಂಡ ಇದನ್ನು ಇನ್ನಷ್ಟು ಮೊನಚುಗೊಳಿಸಿತು. ನಮ್ಮ ಕಚೇರಿಗಳಲ್ಲಿ ಮೊಹರು ಒತ್ತುತ್ತಾರಲ್ಲ, ಅದೇ ರೀತಿ ಸೂಕ್ಷ್ಮವಾದ ರಬ್ಬರ್ ಸ್ಟಾಂಪೊಂದನ್ನು ಬಳಸಿ, ಕೋಶ ಕಚ್ಚಿಕೊಳ್ಳಬಲ್ಲ ಪುಟ್ಟ ದ್ವೀಪಗಳನ್ನು ರೂಪಿಸಿದರು. ಸುತ್ತಲ ಜಾಗ ಕೋಶ ನಿಲ್ಲದಷ್ಟು ಜಾರು. 1997ರಲ್ಲಿ ಪ್ರಕಟವಾದ ಫಲಿತಾಂಶ ಬೆರಗು ಹುಟ್ಟಿಸುವಂಥದ್ದು. ದೊಡ್ಡ ದ್ವೀಪದಲ್ಲಿ ಮೈಚಾಚಿದ ರಕ್ತನಾಳದ ಕೋಶ ವೃದ್ಧಿಯಾಯಿತು, ತೀರ ಚಿಕ್ಕ ದ್ವೀಪದಲ್ಲಿ ಮುದುಡಿದ ಕೋಶ ಸತ್ತಿತು. ಆಹಾರ ಎರಡಕ್ಕೂ ಒಂದೇ! ಚಿಕ್ಕ ಚಿಕ್ಕ ಚುಕ್ಕೆಗಳನ್ನು ದೂರ ದೂರ ಇಟ್ಟು, ಒಟ್ಟು ಅಂಟುವ ಜಾಗವನ್ನು ಹೆಚ್ಚಿಸದೆಯೇ ಕೋಶ ಮೈಚಾಚುವಂತೆ ಮಾಡಿದಾಗಲೂ ಅದು ಬದುಕಿತು. ಅಂದರೆ ಎಷ್ಟು ಅಂಟಿದೆ ಎಂಬುದಕ್ಕಿಂತ ಎಷ್ಟು ಹರಡಿದೆ ಎಂಬುದೇ ಕೋಶದ ಹಣೆಬರಹ ಬರೆಯುತ್ತದೆ.

ಇಲಿಕೋಶದ ಹಾಸಿಗೆ

ನೆಲದ ಪಾಠ ಹೀಗೆ ಸಾಗಿದ್ದಾಗಲೇ, ಬೇಕಾದಷ್ಟು ಕೋಶಗಳನ್ನು ಬೆಳೆಸುವ ದಾರಿ ಬೇರೊಂದು ಕಡೆ ಆಕಸ್ಮಿಕವಾಗಿ ತೆರೆದುಕೊಂಡಿತ್ತು. ಎಂ.ಐ.ಟಿ.ಯಲ್ಲಿ ಹೊವರ್ಡ್ ಗ್ರೀನ್ ಮತ್ತು ಜೇಮ್ಸ್ ರೈನ್‌ವಾಲ್ಡ್ ಇಲಿಯ ಒಂದು ಬಗೆಯ ಗಡ್ಡೆಯನ್ನು ಅಭ್ಯಸಿಸುತ್ತಿದ್ದಾಗ ತಟ್ಟೆಯಲ್ಲಿ ಚರ್ಮದಂಥ ಕೋಶಗಳ ಗುಂಪುಗಳು ಕಂಡವು. ಬೆನ್ನುಹತ್ತಿ ಹೋದಾಗ, ವಿಕಿರಣ ಹಾಯಿಸಿ ವೃದ್ಧಿ ನಿಲ್ಲಿಸಿದ ಇಲಿಕೋಶಗಳ ಹಾಸಿನ ಮೇಲೆ ಮನುಷ್ಯನ ಚರ್ಮದ ಕೋಶಗಳೂ ಹುಲುಸಾಗಿ ಬೆಳೆಯುವುದು 1975ರಲ್ಲಿ ಸಾಬೀತಾಯಿತು. ಮೂರು-ನಾಲ್ಕು ವಾರಗಳಲ್ಲಿ ಒಂದು ತುಣುಕು ಸಾವಿರಾರು ಪಟ್ಟು ವಿಸ್ತಾರವಾಗುತ್ತಿತ್ತು. 1983ರಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಮೈಯ 95 ಭಾಗಕ್ಕೂ ಹೆಚ್ಚು ಸುಟ್ಟುಕೊಂಡ ಇಬ್ಬರು ಎಳೆಯ ಅಣ್ಣತಮ್ಮಂದಿರನ್ನು ಬಾಸ್ಟನ್ನಿಗೆ ತಂದರು. ಕಂಕುಳಲ್ಲಿ ಉಳಿದಿದ್ದ ಚರ್ಮದ ಚೂರುಗಳಿಂದ ಹಾಳೆಹಾಳೆಯಾಗಿ ಚರ್ಮ ಬೆಳೆಸಿ ಹೊದಿಸಿದರು. ಇಬ್ಬರೂ ಉಳಿದರು. ಆ ಹೊಸ ಚರ್ಮಕ್ಕೆ ಬೆವರಗ್ರಂಥಿ, ಕೂದಲು ಇರಲಿಲ್ಲ ಎಂಬುದನ್ನೂ ಹೇಳಬೇಕು. ಅದು ಜೀವ ಉಳಿಸಿದ ಚರ್ಮ, ಹುಟ್ಟಿನ ಚರ್ಮವಲ್ಲ.

ಗ್ರೀನ್ ಅವರ ಗರಡಿಯಲ್ಲಿ ಪಳಗಿದ ಇಟಲಿಯ ಮಿಕೆಲೆ ಡಿ ಲೂಕಾ, ಸಹೋದ್ಯೋಗಿ ಗ್ರಾಟ್ಸಿಯೆಲ್ಲಾ ಪೆಲ್ಲೆಗ್ರಿನಿ ಜೊತೆ ಸೇರಿ ಅದೇ ವಿಧಾನವನ್ನು ಕಣ್ಣಿಗೆ ತಂದರು. ಒಂದು ಕಣ್ಣು ಕ್ಷಾರದಿಂದ ಸುಟ್ಟ ಇಬ್ಬರು ರೋಗಿಗಳ ಒಳ್ಳೆಯ ಕಣ್ಣಿನ ಲಿಂಬಸ್‌ನಿಂದ ಒಂದೆರಡು ಮಿಲಿಮೀಟರ್ ಚೂರು ತೆಗೆದು, ತಟ್ಟೆಯಲ್ಲಿ ಬೆಳೆಸಿ, ಕೆಟ್ಟ ಕಣ್ಣಿಗೆ ನಾಟಿ ಮಾಡಿದರು. 1997ರಲ್ಲಿ ವರದಿಯಾದ ಈ ಚಿಕಿತ್ಸೆ ಬೆಳೆದು, 2015ರಲ್ಲಿ ಐರೋಪ್ಯ ಒಕ್ಕೂಟದಲ್ಲಿ ‘ಹೋಲೋಕ್ಲಾರ್’ ಎಂಬ ಹೆಸರಿನಲ್ಲಿ ಅಲ್ಲಿನ ಮೊದಲ ಆಕರಕೋಶ ಔಷಧವಾಗಿ ಅನುಮತಿ ಪಡೆಯಿತು. 112 ರೋಗಿಗಳ ಮೇಲಿನ ಅವರ 2010ರ ವರದಿಯಲ್ಲಿ ಯಶಸ್ಸು ಶೇಕಡ 76ಕ್ಕಿಂತ ಹೆಚ್ಚು. ಎಲ್ಲವೂ ಸರಿ. ಆದರೆ ಇಲಿಕೋಶದ ಹಾಸು, ಅತಿಶುದ್ಧ ಪ್ರಯೋಗಾಲಯ, ತರಬೇತಾದ ತಂತ್ರಜ್ಞರು, ಇವೆಲ್ಲ ಬೇಕು. ಸುಣ್ಣದ ಪೊಟ್ಟಣ ಒಡೆಯುವ ಊರುಗಳಿಗೂ ಇವುಗಳಿಗೂ ಎಲ್ಲಿಯ ನೆಂಟು?

ಹೈದರಾಬಾದಿನ ದಾರಿ

ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿ ಡಾ. ವೀರೇಂದ್ರ ಸಾಂಗ್ವಾನ್, ಡಾ. ಗೀತಾ ವೇಮುಗಂಟಿ ಮತ್ತಿತರರು 2001ರಿಂದ ಈ ಚಿಕಿತ್ಸೆ ಆರಂಭಿಸಿದರು. ಅವರು ಮೊದಲು ಇಲಿಯನ್ನು ಕೈಬಿಟ್ಟರು. ಹೆರಿಗೆಯಲ್ಲಿ ಮಗುವನ್ನು ಸುತ್ತಿಕೊಂಡಿರುವ ತೆಳುವಾದ ಪೊರೆ ಇದೆಯಲ್ಲ, ಮಾಸಿನ ಜೊತೆ ಎಸೆಯುವ ಆಮ್ನಿಯಾನ್, ಅದನ್ನೇ ನೆಲ ಮಾಡಿಕೊಂಡರು. ಅದರ ಮೇಲಿನ ಕೋಶಗಳನ್ನು ಕೆರೆದು ತೆಗೆದರೆ ಕೆಳಗೆ ಕೊಲ್ಯಾಜೆನ್, ಲ್ಯಾಮಿನಿನ್‌ಗಳ ನಯವಾದ ಹಾಸು ಸಿಗುತ್ತದೆ. ಕಾರ್ನಿಯಾದ ಕೋಶಗಳು ತಮ್ಮ ಮನೆಯಲ್ಲಿ ಕಾಲೂರುವ ನೆಲವೂ ಹೆಚ್ಚುಕಡಿಮೆ ಇಂಥದ್ದೇ. ಪೋಷಣೆಗೆ ರೋಗಿಯ ರಕ್ತದಿಂದಲೇ ತೆಗೆದ ಸೀರಮ್. ಹತ್ತು-ಹದಿನಾಲ್ಕು ದಿನಗಳಲ್ಲಿ ಸಸಿಮಡಿ ಸಿದ್ಧ. ಹತ್ತು ವರ್ಷಗಳಲ್ಲಿ ಹೀಗೆ ಮಾಡಿದ 200 ಶಸ್ತ್ರಚಿಕಿತ್ಸೆಗಳಲ್ಲಿ ಶೇಕಡ 71 ಯಶಸ್ವಿಯಾದವೆಂದು 2011ರಲ್ಲಿ ಪ್ರಕಟಿಸಿದರು.

ಇಲ್ಲಿಗೇ ನಿಂತಿದ್ದರೂ ದೊಡ್ಡ ಸಾಧನೆಯೇ. ಆದರೆ ಅವರು ಇನ್ನೊಂದು ಪ್ರಶ್ನೆ ಕೇಳಿಕೊಂಡರು: ನೆಲ ಕಣ್ಣಿನ ಮೇಲೇ ಇರಬಹುದಾದರೆ ಸಸಿಮಡಿ ಬೇರೆ ಯಾಕೆ? ಹಿತ್ತಲಿಗೆ ಗರಿಕೆ ಹಬ್ಬಿಸುವವರು ಕುಂಡದಲ್ಲಿ ಬೆಳೆಸಿ ತರುತ್ತಾರೆಯೇ? ಬೇರಿನ ಚೂರುಗಳನ್ನು ಅಲ್ಲಲ್ಲಿ ಊರುತ್ತಾರೆ, ಅದು ತಾನೇ ಹಬ್ಬಿ ಕೂಡಿಕೊಳ್ಳುತ್ತದೆ. 2012ರಲ್ಲಿ ಸಾಂಗ್ವಾನ್ ತಂಡ ಪ್ರಕಟಿಸಿದ ‘ಸ್ಲೆಟ್’ ವಿಧಾನ ಇದೇ. ಒಳ್ಳೆಯ ಕಣ್ಣಿನಿಂದ 2 ಮಿ.ಮೀ. ಉದ್ದ, 2 ಮಿ.ಮೀ. ಅಗಲದ ಚೂರು ತೆಗೆದು, ಎಂಟು-ಹತ್ತು ತುಣುಕು ಮಾಡುತ್ತಾರೆ. ಕೆಟ್ಟ ಕಣ್ಣಿನ ಮೇಲೆ ಬೆಳೆದ ಕಳೆಪೊರೆಯನ್ನು ಬಿಡಿಸಿ, ಆಮ್ನಿಯಾನ್ ಹಾಸಿ, ದೃಷ್ಟಿಗೆ ಅಡ್ಡವಾಗುವ ನಡುಭಾಗ ಬಿಟ್ಟು ಸುತ್ತ ತುಣುಕುಗಳನ್ನು ಫೈಬ್ರಿನ್ ಅಂಟಿನಿಂದ ಕೂರಿಸುತ್ತಾರೆ. ಮೇಲೊಂದು ಕಾಂಟ್ಯಾಕ್ಟ್ ಲೆನ್ಸ್ ಇಟ್ಟು ಮುಚ್ಚಿದರೆ ಮುಗಿಯಿತು. ಮೊದಲ ಆರು ರೋಗಿಗಳಲ್ಲಿಯೂ ಆರು ವಾರದೊಳಗೆ ಕಾರ್ನಿಯಾದ ಮೇಲ್ಮೈ ಪೂರ್ತಿ ಮುಚ್ಚಿಕೊಂಡಿತು. 2016ರಲ್ಲಿ 125 ರೋಗಿಗಳ ಲೆಕ್ಕ ಬಂತು. ಅವರಲ್ಲಿ 60 ಮಂದಿ ಮಕ್ಕಳು. 95 ಕಣ್ಣುಗಳಲ್ಲಿ ಚಿಕಿತ್ಸೆ ಫಲಿಸಿತ್ತು, ಅಂದರೆ ಶೇಕಡ 76. ದುಬಾರಿ ಪ್ರಯೋಗಾಲಯದ ಫಲಿತಾಂಶಕ್ಕೆ ಇದು ಏನೂ ಕಡಿಮೆಯಲ್ಲ. ತಂತ್ರಜ್ಞಾನವೆಂದರೆ ಸೇರಿಸುತ್ತಾ ಹೋಗುವುದು ಎಂದುಕೊಂಡಿರುವ ನಮಗೆ, ಒಂದೊಂದಾಗಿ ಕಳೆಯುತ್ತಾ ಬಂದ ಈ ವೈದ್ಯರ ಜಾಣ್ಮೆ ಹೆಚ್ಚು ಮೆಚ್ಚುಗೆಯಾಗುತ್ತದೆ.

ಫಲಿಸದ 30 ಕಣ್ಣುಗಳೂ ಲೆಕ್ಕದಲ್ಲಿವೆ. ಅದಕ್ಕಿಂತ ದೊಡ್ಡ ತೊಡಕು, ಎರಡೂ ಕಣ್ಣು ಸುಟ್ಟವರದು. ಆಸಿಡ್ ದಾಳಿಗೆ ಸಿಕ್ಕ ಹೆಣ್ಣುಮಕ್ಕಳಲ್ಲಿ ಹಲವರ ಪಾಡು ಇದು. ನೆಲವಿದ್ದರೂ ಊರಲು ಅವರದೇ ಬೇರಿಲ್ಲ. 2004ರಲ್ಲಿ ಜಪಾನಿನ ಕೊಹ್ಜಿ ನಿಶಿದಾ, ತೆರುವೊ ಒಕಾನೊ ಮತ್ತು ಸಂಗಡಿಗರು ಇಂಥ ನಾಲ್ವರಿಗೆ ಬಾಯಿಯ ಒಳಪದರದ ಕೋಶಗಳನ್ನೇ ಬೆಳೆಸಿ ಕಣ್ಣಿಗೆ ಹಾಕಿದರು. ಒಕಾನೊ ಅವರ ತಟ್ಟೆ ವಿಶಿಷ್ಟವಾದದ್ದು: 37 ಡಿಗ್ರಿಯಲ್ಲಿ ಕೋಶಗಳು ಅದಕ್ಕೆ ಅಂಟಿಕೊಂಡಿರುತ್ತವೆ, 32 ಡಿಗ್ರಿಗಿಂತ ತಣ್ಣಗೆ ಮಾಡಿದರೆ ದೋಸೆ ಕಾವಲಿ ಬಿಟ್ಟಂತೆ ಇಡೀ ಹಾಳೆ ಹರಿಯದೆ ಎದ್ದು ಬರುತ್ತದೆ. 2016ರಲ್ಲಿ ನಿಶಿದಾ ತಂಡ ಇನ್ನೊಂದು ಅಚ್ಚರಿ ತೋರಿಸಿತು. ಸಾಮಾನ್ಯ ಕೋಶಗಳನ್ನು ಮರಳಿ ಶೈಶವಕ್ಕೆ ಒಯ್ದು ಪಡೆದ ಐಪಿಎಸ್ ಕೋಶಗಳನ್ನು ಲ್ಯಾಮಿನಿನ್ ಮೇಲೆ ಬಿಟ್ಟರೆ, ಅವು ಯಾರೂ ಗೆರೆ ಎಳೆಯದೆಯೇ ಒಂದರ ಸುತ್ತ ಒಂದರಂತೆ ನಾಲ್ಕು ವಲಯಗಳಾಗಿ ಹರಡಿದವು. ಮೂರನೆಯ ವಲಯದಲ್ಲಿ ಕಾರ್ನಿಯಾದ ಕೋಶಗಳ ಪೂರ್ವಜರಿದ್ದವು. ಅಂಥ ಕೋಶಗಳ ಹಾಳೆಯನ್ನು 2019ರಿಂದ ಮನುಷ್ಯರ ಕಣ್ಣಿಗೆ ಹಾಕಿದ್ದಾರೆ. ನಾಲ್ಕು ರೋಗಿಗಳ ವರದಿ 2024ರಲ್ಲಿ ಬಂತು. ನಾಲ್ಕು ಬಹಳ ಸಣ್ಣ ಸಂಖ್ಯೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ದಾನವಾಗಿ ಬಂದ ಅವರ ಎರಡು ಕಾರ್ನಿಯಾಗಳನ್ನು ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಪದರ ಪದರವಾಗಿ ಸೀಳಿ ನಾಲ್ವರಿಗೆ ಜೋಡಿಸಿದರು. ಈ ಸುದ್ದಿ ನಾಡಿನಲ್ಲೆಲ್ಲ ಹರಡಿ ಸಾವಿರಾರು ಜನ ನೇತ್ರದಾನಕ್ಕೆ ಹೆಸರು ಬರೆಸಿದ್ದು ನಮಗೆಲ್ಲ ನೆನಪಿದೆ. ಅಂದು ವೈದ್ಯರು ಹೇಳಿದ ಇನ್ನೊಂದು ಮಾತು ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ. ಕಾರ್ನಿಯಾ ತೆಗೆದ ಮೇಲೆ ಉಳಿದ ಅಂಚನ್ನು, ಅಂದರೆ ಲಿಂಬಸ್‌ನ ಉಂಗುರವನ್ನು, ಅವರು ಎಸೆದಿರಲಿಲ್ಲ. ಅದರಿಂದ ಐಪಿಎಸ್ ಕೋಶಗಳನ್ನು ಪಡೆದು, ಆಸಿಡ್ಡು, ಪಟಾಕಿಗಳಿಂದ ಬೇಲಿ ಕಳೆದುಕೊಂಡವರಿಗೆ ಮುಂದೆಂದಾದರೂ ಬಳಸಲು ಸಾಧ್ಯವೇ ಎಂದು ನೋಡಲು ತಮ್ಮ ಸಂಶೋಧನಾಲಯಕ್ಕೆ ಕಳುಹಿಸಿದ್ದರು.