ನೀರನ್ನು ಶುದ್ಧಿ ಮಾಡುವ ಜೀವಂತ ಮರಳು

ಕುಡಿಯುವ ನೀರನ್ನು ಸೂಕ್ಷ್ಮಜೀವಿಗಳ ನೆರವಿನಿಂದಲೇ ಶುದ್ಧಿ ಮಾಡುವ ಹಳೆಯ ವಿಧಾನ ನಿಧಾನ ಮರಳು ಫಿಲ್ಟರ್. ಇದರ ರಚನೆ ಸರಳ. ತೊಟ್ಟಿಯ ತಳದಲ್ಲಿ ಜಲ್ಲಿ, ಅದರ ಮೇಲೆ ಸುಮಾರು ಒಂದು ಮೀಟರ್ ದಪ್ಪಕ್ಕೆ ಸಣ್ಣ ಮರಳು, ಅದರ ಮೇಲೆ ಹೆಚ್ಚುಕಡಿಮೆ ಅಷ್ಟೇ ಎತ್ತರದ ನೀರು. ಒಂದು ಚದರ ಮೀಟರ್ ಮರಳಿನಿಂದ ಗಂಟೆಗೆ 100ರಿಂದ 200 ಲೀಟರ್ ಮಾತ್ರ ಸೋಸಿ ಬರುತ್ತದೆ.

ಮರಳಿನ ಕಣಗಳ ನಡುವಿನ ಸಂದು ಬ್ಯಾಕ್ಟೀರಿಯಾಗಳಿಗಿಂತ ಎಷ್ಟೋ ದೊಡ್ಡದು. ಆದರೂ ಬಹುಪಾಲು ರೋಗಾಣುಗಳು ದಾಟಲಾರವು. ಹೊಸ ಮರಳಿನ ಮೇಲೆ ಕೆಲವು ವಾರಗಳಲ್ಲಿ ಪಾಚಿ, ಬ್ಯಾಕ್ಟೀರಿಯಾ ಮತ್ತು ಏಕಕೋಶ ಜೀವಿಗಳ ಲೋಳೆಪದರವೊಂದು ಬೆಳೆಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ನೀರಿನಲ್ಲಿರುವ ಸಾವಯವ ಕೊಳೆಯನ್ನು ತಿನ್ನುತ್ತವೆ; ಏಕಕೋಶ ಜೀವಿಗಳು ರೋಗಾಣುಗಳನ್ನು ನುಂಗುತ್ತವೆ. ತಪ್ಪಿಸಿಕೊಂಡವು ಕೆಳಗಿನ ಕಣಗಳಿಗೆ ಅಂಟಿ, ಆಹಾರವಿಲ್ಲದೆ ಸಾಯುತ್ತವೆ. ಪದರ ಚೆನ್ನಾಗಿ ಬಲಿತರೆ ಶೇ. 90ರಿಂದ 99ರಷ್ಟು ಬ್ಯಾಕ್ಟೀರಿಯಾ ನಿವಾರಣೆಯಾಗುತ್ತವೆ.

1804ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಜಾನ್ ಗಿಬ್ ತನ್ನ ಬಟ್ಟೆ ಬಿಳುಪು ಮಾಡುವ ಕಾರ್ಖಾನೆಗೆಂದು ನೀರು ಸೋಸಿ, ಉಳಿದದ್ದನ್ನು ಊರಿಗೆ ಮಾರಿದ. 1829ರಲ್ಲಿ ಜೇಮ್ಸ್ ಸಿಂಪ್ಸನ್ ಲಂಡನ್ನಿನ ಚೆಲ್ಸಿ ಜಲಸಂಸ್ಥೆಗೆ ದೊಡ್ಡ ಫಿಲ್ಟರ್ ಕಟ್ಟಿದ. ಅಂದಿನ ಉದ್ದೇಶ ನೀರನ್ನು ತಿಳಿಯಾಗಿಸುವುದಷ್ಟೇ. ರೋಗಾಣುಗಳ ವಿಷಯ ಇನ್ನೂ ಗೊತ್ತಿರಲಿಲ್ಲ. ಇದರ ನಿಜವಾದ ಬೆಲೆ ತಿಳಿದದ್ದು 1892ರಲ್ಲಿ. ಎಲ್ಬೆ ನದಿಯ ನೀರನ್ನು ಸೋಸದೆ ಕುಡಿದ ಹ್ಯಾಂಬರ್ಗ್ ನಗರದಲ್ಲಿ ಕಾಲರಾಕ್ಕೆ ಸುಮಾರು 8,600 ಜನ ಬಲಿಯಾದರು. ಹ್ಯಾಂಬರ್ಗ್‌ನ ಚರಂಡಿ ನೀರು ಸೇರಿದ ಮೇಲೆ ಅದೇ ನದಿಯಿಂದ ನೀರೆತ್ತುತ್ತಿದ್ದ ಪಕ್ಕದ ಆಲ್ಟೋನಾ ಮರಳಿನಲ್ಲಿ ಸೋಸಿ ಕುಡಿಯುತ್ತಿತ್ತು. ಅಲ್ಲಿ ರೋಗ ತೀರಾ ಕಡಿಮೆಯಿತ್ತು.

ಈ ಫಿಲ್ಟರ್‌ಗೆ ವಿದ್ಯುತ್ತಾಗಲಿ ರಾಸಾಯನಿಕವಾಗಲಿ ಬೇಕೇಬೇಕೆಂದಿಲ್ಲ. ಬೇಕಾದದ್ದು ಜಾಗ ಮತ್ತು ಎಚ್ಚರ. ಮರಳು ಒಣಗಿದರೆ ಜೀವಿಗಳು ಸಾಯುತ್ತವೆ. ಸೋಸುವ ಮೊದಲೇ ಕ್ಲೋರಿನ್ ಬೆರೆಸಿದರೂ ಅಷ್ಟೇ. ಪದರ ದಪ್ಪವಾಗಿ ನೀರಿಳಿಯುವುದು ತೀರಾ ನಿಧಾನವಾದಾಗ ಮೇಲಿನ ಒಂದೆರಡು ಸೆಂಟಿಮೀಟರ್ ಮರಳನ್ನು ಕೆರೆದು ತೆಗೆಯಬೇಕು. ಪದರ ಮತ್ತೆ ಬಲಿಯುವವರೆಗೆ ಆ ನೀರನ್ನು ಕುಡಿಯಲು ಬಿಡಬಾರದು.

ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಡೇವಿಡ್ ಮಾಂಜ್ 1990ರ ದಶಕದಲ್ಲಿ ಇದನ್ನು ಮನೆಬಳಕೆಗೆ ಒಗ್ಗಿಸಿದರು. ಅವರ ಬಯೋಸ್ಯಾಂಡ್ ಫಿಲ್ಟರ್‌ನಲ್ಲಿ ನೀರು ಸುರಿಯದ ಹೊತ್ತಿನಲ್ಲೂ ಮರಳಿನ ಮೇಲೆ ಸುಮಾರು 5 ಸೆಂಟಿಮೀಟರ್ ನೀರು ನಿಂತಿರುತ್ತದೆ. ಜೀವಿಗಳಿಗೆ ಗಾಳಿಯೂ ತೇವವೂ ಸಿಗುವುದು ಇದರಿಂದಲೇ.

ಬಹಳ ಕದಡಿದ ನೀರನ್ನು ಮೊದಲು ತಿಳಿಗೊಳಿಸಿಯೇ ಇಂಥ ಫಿಲ್ಟರ್‌ಗೆ ಬಿಡಬೇಕು. ಇಲ್ಲದಿದ್ದರೆ ಮರಳು ಬೇಗ ಕಟ್ಟಿಕೊಳ್ಳುತ್ತದೆ. ನೀರಿನಲ್ಲಿ ಕರಗಿದ ಲವಣಗಳನ್ನು ಈ ಜೀವಿಗಳು ತೆಗೆಯಲಾರವು. ಹಾಗಾಗಿ ಕೋಲಾರ, ಚಿಕ್ಕಬಳ್ಳಾಪುರಗಳ ಕೊಳವೆಬಾವಿಗಳ ಫ್ಲೋರೈಡ್‌ಗೆ ಇದು ಪರಿಹಾರವಲ್ಲ. ಕೆರೆ, ಹೊಳೆಗಳ ನೀರಿನಿಂದ ಹರಡುವ ರೋಗಗಳನ್ನು ತಡೆಯುವುದೇ ಇದರ ಕೆಲಸ. ಸೋಸಿದ ಮೇಲೆ ಸ್ವಲ್ಪ ಕ್ಲೋರಿನ್ ಬೆರೆಸಿದರೆ ಮನೆ ತಲುಪುವವರೆಗೂ ನೀರು ಸುರಕ್ಷಿತವಾಗಿರುತ್ತದೆ.